ಕುಡಿತ ಬಿಟ್ಟ ಮೂರನೇ ದಿನ

ಶ್ರಾವಣ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆ ಎಷ್ಟೋ ಜನ ಕುಡಿತ ಬಿಡುತ್ತಾರೆ. ವಾರಕ್ಕೊಮ್ಮೆ ಕುಡಿಯುವವನಿಗೆ ಇದರಿಂದ ತೊಂದರೆಯಿಲ್ಲ. ಎದ್ದ ಕೂಡಲೇ ಬಾಟ್ಲಿ ಬೇಕು ಅನ್ನುವವನ ಕತೆ ಬೇರೆ. ಮೊದಲ ದಿನವೇ ಕೈ ನಡುಗುತ್ತದೆ, ಮೈ ಬೆವರುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಮನೆಯವರ ಗುರುತೇ ಸಿಗುವುದಿಲ್ಲ. ‘ಗಾಳಿ ಸೋಂಕ್ಯಾದ’ ಎಂದು ತಾಯತ ಕಟ್ಟಿಸಲು ಓಡುತ್ತಾರೆ. ಗಾಳಿ ಅಲ್ಲ, ದೆವ್ವ ಅಲ್ಲ. ಆಸ್ಪತ್ರೆಗೆ ಹೋಗದಿದ್ದರೆ ಜೀವವೇ ಹೋಗಬಹುದು.

ಮಿದುಳಿನಲ್ಲಿ ಸದಾ ಎರಡು ರಾಸಾಯನಿಕಗಳ ಹಗ್ಗಜಗ್ಗಾಟ ನಡೆದಿರುತ್ತದೆ. ಒಂದು ಕಡೆ ನರಕೋಶಗಳನ್ನು ಶಾಂತಗೊಳಿಸುವ ಗಾಬಾ, ಇನ್ನೊಂದು ಕಡೆ ಕೆರಳಿಸುವ ಗ್ಲುಟಮೇಟ್. ಮದ್ಯ ಗಾಬಾ ಕಡೆ ನಿಂತು ಎಳೆಯುತ್ತದೆ. ದಿನಾ ಹೀಗಾದರೆ ಮಿದುಳು ಸುಮ್ನೆ ಇರುತ್ತದೆಯೇ? ಗ್ಲುಟಮೇಟ್ ಕಡೆ ಬಲ ತುಂಬುತ್ತದೆ, ಗಾಬಾ ಕಡೆ ಕಡಿಮೆ ಮಾಡುತ್ತದೆ. ಕ್ವಾರ್ಟರ್ ಸಾಲದೆ ಹಾಫ್ ಬೇಕಾಗುವುದು ಇದಕ್ಕೇ. ಮದ್ಯ ಒಮ್ಮೆಲೇ ಹಗ್ಗ ಬಿಟ್ಟರೆ ಎಲ್ಲವೂ ಗ್ಲುಟಮೇಟ್ ಕಡೆಗೆ ಬೀಳುತ್ತದೆ. ಆ ನಡುಕ, ಆ ಫಿಟ್ಸ್ ಅದೇ.

ಸರಿಯಾಗಿ ಉಣ್ಣದ್ದಕ್ಕೆ ಹೀಗಾಗುತ್ತದೆ ಎಂದು ವೈದ್ಯರಲ್ಲೇ ಕೆಲವರು ನಂಬಿದ್ದರು. 1955ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು ಕೈದಿಗಳಿಗೆ ಒಳ್ಳೆಯ ಊಟ ಹಾಕಿ, ವಾರಗಟ್ಟಲೆ ಮದ್ಯ ಕೊಟ್ಟು, ಥಟ್ಟನೆ ನಿಲ್ಲಿಸಿದರು. ಆದರೂ ಫಿಟ್ಸ್ ಬಂತು, ಭ್ರಮೆ ಬಂತು. ಇಂಥ ಪ್ರಯೋಗ ಇಂದು ಯಾರೂ ಒಪ್ಪುವಂಥದ್ದಲ್ಲ. ಆದರೆ ಕಾರಣ ಮದ್ಯ ನಿಂತದ್ದೇ ಎಂಬುದು ಆಗ ಖಚಿತವಾಯಿತು.

ಕಲಬೆರಕೆ ಸೇಂದಿ ಇನ್ನೂ ಕೆಟ್ಟದ್ದು. ಅದಕ್ಕೆ ಬೆರೆಸುವ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್ಪ್ರಜೋಲಾಮ್ ಎಂಬ ಮಂಪರಿನ ಔಷಧಗಳು ಕೂಡ ಗಾಬಾ ಕಡೆಯವೇ. 2015ರಲ್ಲಿ ನೆರೆಯ ತೆಲಂಗಾಣದಲ್ಲಿ ಇಂಥ ಸೇಂದಿಗೆ ಕಡಿವಾಣ ಬಿದ್ದಾಗ ನಿಜಾಮಾಬಾದ್ ಕಡೆ ಜನ ಫಿಟ್ಸ್, ಭ್ರಮೆಯಿಂದ ಆಸ್ಪತ್ರೆ ಸೇರಿದರು.

ಹೆರಾಯಿನ್ ಬಿಟ್ಟವನ ಪಾಡು ನೋಡಲಾಗದು. ಮೂಗು ಸುರಿಯುತ್ತದೆ, ವಾಂತಿ, ಭೇದಿ, ಎಲುಬು ಮುರಿದಂಥ ನೋವು. ಆದರೆ ಅದು ಕೊಲ್ಲುವುದು ಅಪರೂಪ. ಕೊಲ್ಲುವುದು ಆಮೇಲೆ: ಕೆಲವು ವಾರ ಬಿಟ್ಟು ಹಳೆಯ ಪ್ರಮಾಣವನ್ನೇ ತಗೊಂಡರೆ ಉಸಿರು ನಿಲ್ಲುತ್ತದೆ. ಬೀಡಿ, ಗುಟ್ಕಾ ಬಿಟ್ಟರೆ ಸಿಟ್ಟು, ಚಡಪಡಿಕೆ, ಅಷ್ಟೇ. ಹಾಗಂತ ತಂಬಾಕಿನ ಹಿಡಿತ ಸಡಿಲ ಅಲ್ಲ. ಅಮೆರಿಕದಲ್ಲಿ 1990ರ ದಶಕದ ಆರಂಭದ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ತಂಬಾಕು ಸೇವಿಸಿದವರಲ್ಲಿ ಸುಮಾರು 32% ಜನ ಅದಕ್ಕೆ ದಾಸರಾಗಿದ್ದರು. ಹೆರಾಯಿನ್‌ಗೆ ಇದು 23%, ಮದ್ಯಕ್ಕೆ 15%. ಹಿಡಿತದ ಬಲವೇ ಬೇರೆ, ಬಿಡುವಾಗಿನ ಅಪಾಯವೇ ಬೇರೆ.

ಅದಕ್ಕೇ ದಿನಾ ಕುಡಿಯುವವನಿಗೆ ‘ಇವತ್ತೇ ಬಿಡು’ ಎಂದು ಆಣೆ ಹಾಕಿಸಬೇಡಿ, ಮೊದಲು ಡಾಕ್ಟರ ಹತ್ತಿರ ಕರೆದೊಯ್ಯಿರಿ. ಅವರು ಗಾಬಾ ಕಡೆ ಎಳೆಯುವ ಮಾತ್ರೆ ಕೊಟ್ಟು, ದಿನದಿನಕ್ಕೆ ಇಳಿಸುತ್ತ ಬರುತ್ತಾರೆ. ಜೊತೆಗೆ ಬಿ1 ಜೀವಸತ್ವ, ಅಂದರೆ ಥಯಾಮಿನ್ ಇಂಜೆಕ್ಷನ್. ಸುಸ್ತಾಗಿದ್ದಾನೆ ಎಂದು ಬರೀ ಗ್ಲೂಕೋಸ್ ಬಾಟ್ಲಿ ಏರಿಸಿದರೆ ಇದ್ದಬದ್ದ ಥಯಾಮಿನ್ ಕೂಡ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು.