ಧ್ರುವದ ನೆತ್ತಿಯ ಮೇಲೆ ಹಾಯುವ ದಾರಿ

ಗೋಡೆಗೆ ತೂಗುಹಾಕುವ ಭೂಪಟದಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳು ಮೇಲಂಚಿನ ನಡುಭಾಗದಲ್ಲಿದ್ದರೆ, ಅಲಾಸ್ಕಾದ ಉತ್ತರ ಕರಾವಳಿಯ ಉತ್ಕಿಯಾಗ್ವಿಕ್, ಅಂದರೆ ಹಿಂದಿನ ಬ್ಯಾರೋ, ಎಡತುದಿಗೆ ಬೀಳುತ್ತದೆ. ಸ್ವಾಲ್ಬಾರ್ಡ್‌ನ ಲಾಂಗ್‌ಯಿಯರ್‌ಬ್ಯೆನ್ ವಿಮಾನ ನಿಲ್ದಾಣಕ್ಕೂ ಉತ್ಕಿಯಾಗ್ವಿಕ್‌ಗೂ ನಡುವೆ ರೇಖಾಂಶದಲ್ಲಿ 172 ಡಿಗ್ರಿಗಳ ವ್ಯತ್ಯಾಸವಿರುವುದರಿಂದ, ಒಂದರಿಂದ ಇನ್ನೊಂದಕ್ಕೆ ಹೋಗಲು ಅರ್ಧ ಭೂಮಿಯನ್ನೇ ಸುತ್ತಬೇಕೇನೋ ಎಂದು ನೋಡಿದವರಿಗೆ ಅನ್ನಿಸುವುದು ಸಹಜ.

ಆದರೆ ಇವೆರಡೂ ಉತ್ತರ ಧ್ರುವದ ಆಚೆ ಈಚೆ ಹೆಚ್ಚುಕಡಿಮೆ ಎದುರುಬದುರಾಗಿವೆ. ಲಾಂಗ್‌ಯಿಯರ್‌ಬ್ಯೆನ್‌ನಿಂದ ಧ್ರುವಕ್ಕೆ 11.8 ಡಿಗ್ರಿ, ಅಲ್ಲಿಂದ ಉತ್ಕಿಯಾಗ್ವಿಕ್‌ಗೆ 18.7 ಡಿಗ್ರಿ, ಒಂದು ಡಿಗ್ರಿಗೆ ಸುಮಾರು 111 ಕಿ.ಮೀ.ನಂತೆ ಲೆಕ್ಕ ಹಾಕಿದರೆ ಒಟ್ಟು ದೂರ 3,400 ಕಿ.ಮೀ.ಗೆ ತುಸು ಕಡಿಮೆ. ಗೋಳದ ಮೇಲಿನ ಅತಿ ಹತ್ತಿರದ ದಾರಿಯಾದ ಮಹಾವೃತ್ತವು ಧ್ರುವದಿಂದ ಕೇವಲ 110 ಕಿ.ಮೀ.ಯಷ್ಟು ಬದಿಯಲ್ಲಿ ಹಾಯುತ್ತದೆ. ಭೂಪಟವನ್ನು ನಂಬಿ ಅದೇ ಅಕ್ಷಾಂಶದಲ್ಲಿ ಪಶ್ಚಿಮಕ್ಕೇ ಸಾಗಿ, ಕೊನೆಗೆ ದಕ್ಷಿಣಕ್ಕೆ ಇಳಿದರೆ ದಾರಿ ಸುಮಾರು 4,700 ಕಿ.ಮೀ. ಆಗುತ್ತದೆ. ಬೆಂಗಳೂರಿಗೆ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಏರ್ ಇಂಡಿಯಾ ವಿಮಾನ ಧ್ರುವದ ಮೇಲಿನಿಂದ ಹಾರಿದ್ದೂ ಇದೇ ರೇಖಾಗಣಿತದ ಬಲದಿಂದಲೇ.

ಗಂಟೆಗೆ 850 ಕಿ.ಮೀ. ವೇಗದ ಜೆಟ್‌ಗೆ ಧ್ರುವದ ಬದಿಯ ಈ 3,400 ಕಿ.ಮೀ. ದಾರಿ ನಾಲ್ಕು ಗಂಟೆಯ ಹಾರಾಟ. ಮೇಲೇರುವ, ಇಳಿಯುವ ಸಮಯವನ್ನೂ ಸೇರಿಸಿದರೆ ನಾಲ್ಕೂವರೆ ಗಂಟೆ ಎನ್ನಬಹುದು. ಎರಡೂ ಊರುಗಳ ಗಡಿಯಾರಗಳ ನಡುವೆ ವರ್ಷದ ಬಹುಪಾಲು 10 ಗಂಟೆಗಳ ಅಂತರವಿರುವುದರಿಂದ, ಮಧ್ಯಾಹ್ನ 12ಕ್ಕೆ ಹೊರಟ ವಿಮಾನ ಅದೇ ದಿನದ ಬೆಳಗ್ಗೆ 6.30ಕ್ಕೆ ಇಳಿಯುತ್ತದೆ.

ಈ ಎರಡು ನೆಲಗಳ ನಡುವಿನ ಹಾರಾಟವನ್ನು ವಿಮಾನದಲ್ಲಿ ಮೊದಲು ಸಾಧಿಸಿದವರು ಆಸ್ಟ್ರೇಲಿಯದ ಹ್ಯೂಬರ್ಟ್ ವಿಲ್ಕಿನ್ಸ್ ಮತ್ತು ಪೈಲಟ್ ಕಾರ್ಲ್ ಬೆನ್ ಐಲ್ಸನ್. ಅವರು 1928ರ ಏಪ್ರಿಲ್‌ನಲ್ಲಿ ಒಂದೇ ಎಂಜಿನ್ನಿನ ಲಾಕ್‌ಹೀಡ್ ವೇಗಾ ಎಂಬ ಮರದ ವಿಮಾನದಲ್ಲಿ ಬ್ಯಾರೋದಿಂದ ಹೊರಟು, ಸುಮಾರು 3,500 ಕಿ.ಮೀ.ಯನ್ನು 20 ಗಂಟೆ ಚಿಲ್ಲರೆಯಲ್ಲಿ ಕ್ರಮಿಸಿದರು. ಕಾಂತೀಯ ಧ್ರುವಕ್ಕೆ ಹತ್ತಿರದ ಆ ಪ್ರದೇಶದಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಬಹಳ ದೂರ ಸರಿದು ನಿಲ್ಲುತ್ತದೆ, ಆ ವ್ಯತ್ಯಾಸವೂ ದಾರಿಯುದ್ದಕ್ಕೂ ಬದಲಾಗುತ್ತದೆ. ಹಾಗಾಗಿ ವಿಲ್ಕಿನ್ಸ್ ಸೂರ್ಯನ ಎತ್ತರವನ್ನು ಅಳೆಯುತ್ತ, ಮತ್ತೆ ಮತ್ತೆ ಲೆಕ್ಕ ಹಾಕಿ ಪೈಲಟ್‌ಗೆ ದಿಕ್ಕು ತಿಳಿಸಬೇಕಾಯಿತು. ನನಗೆ ಇಡೀ ಯಾನದಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಈ ಗಣಿತದ ದುಡಿಮೆಯೇ. ಸ್ವಾಲ್ಬಾರ್ಡ್ ತಲುಪುವಾಗ ಬಿರುಗಾಳಿಗೆ ಸಿಕ್ಕಿ ಒಂದು ನಿರ್ಜನ ದ್ವೀಪದಲ್ಲಿ ಇಳಿದು ದಿನಗಟ್ಟಲೆ ಕಾದರು. ಮತ್ತೆ ಹೊರಡುವಾಗ ಹಿಮಕ್ಕೆ ಅಂಟಿದ ವಿಮಾನವನ್ನು ತಳ್ಳಲು ಇಳಿದ ವಿಲ್ಕಿನ್ಸ್‌ರನ್ನು ಬಿಟ್ಟು ವಿಮಾನ ಮೇಲೇರಿದ್ದರಿಂದ ಐಲ್ಸನ್ ಹಿಂದಿರುಗಿ ಇಳಿಯಬೇಕಾಯಿತು.

ಇಂದಿಗೂ ಇಲ್ಲಿ ನೇರ ಪ್ರಯಾಣಿಕ ವಿಮಾನ ಸಂಚಾರವಿಲ್ಲ. ಎರಡೂ ಊರುಗಳ ಜನಸಂಖ್ಯೆ ಕೆಲವೇ ಸಾವಿರ. ನಡುವೆ ಇರುವುದು ತುರ್ತಿಗೆ ಇಳಿಯಲು ಸ್ಥಳವಿಲ್ಲದ ಹೆಪ್ಪುಗಟ್ಟಿದ ಸಾಗರ. ಆದ್ದರಿಂದ ಪ್ರಯಾಣಿಕರು ಓಸ್ಲೋಗೆ ಇಳಿದು, ಬೇರೆ ವಿಮಾನಗಳಲ್ಲಿ ಅಲಾಸ್ಕಾದ ಆಂಕರೇಜ್ ತಲುಪಿ, ಅಲ್ಲಿಂದ ಮತ್ತೆ ಉತ್ತರಕ್ಕೆ ಹಾರಬೇಕು. ಆ ಸುತ್ತುದಾರಿ 10,000 ಕಿ.ಮೀ.ಗೂ ಹೆಚ್ಚು.