ಸೋಯಾಬೀನ್ ಬೀಜವೂ ಹಸ್ತ ಮಳೆಯೂ

ಮೇ ತಿಂಗಳು ಬಂತೆಂದರೆ ಬೀದರ್, ಬೆಳಗಾವಿ, ಹಾವೇರಿ ಕಡೆಯಿಂದ ಬೆಂಗಳೂರಿನ ನಮ್ಮ ಬೀಜ ಪರೀಕ್ಷಾ ಕೊಠಡಿಗೆ ಸೋಯಾಬೀನ್ ಪೊಟ್ಟಣಗಳು ಬರುತ್ತವೆ. 400 ಕಾಳು ಎಣಿಸಿ, ನೂರರಂತೆ ನಾಲ್ಕು ಪಾಲು ಮಾಡಿ, ಒದ್ದೆ ಕಾಗದದಲ್ಲಿ ಸುತ್ತಿ 25 ಡಿಗ್ರಿಯಲ್ಲಿ ಇಡುತ್ತೇವೆ. ಎಂಟನೇ ದಿನ ಬಿಚ್ಚಿ ನೋಡುತ್ತೇವೆ. ಪ್ರಮಾಣಿತ ಬೀಜ ಎನಿಸಿಕೊಳ್ಳಲು ನೂರಕ್ಕೆ 70 ಮೊಳೆಯಬೇಕು.

ಮೊಳೆಯದಿದ್ದಾಗ ಫೋನ್ ಬರುತ್ತದೆ. "ಚೀಲ ಚಲೋ ಜಾಗದಾಗ ಇಟ್ಟಿದ್ವಿ ಸರ. ಹುಳ ಇಲ್ಲ, ಬೂಷ್ಟು ಇಲ್ಲ. ಯಾಕ ಹಿಂಗಾತು?" ಬಹಳ ಸಲ ತಪ್ಪು ಚೀಲದ್ದಲ್ಲ. ಹಿಂದಿನ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೊಲದಲ್ಲೇ ಬೀಜ ಕೆಟ್ಟಿರುತ್ತದೆ.

ಸೋಯಾಬೀನ್ ಸಿಪ್ಪೆ ತುಂಬಾ ತೆಳು. ಬೇರಾಗಬೇಕಾದ ಎಳೆ ತುದಿ ಆ ಸಿಪ್ಪೆಯ ಕೆಳಗೇ ಇರುತ್ತದೆ. ಕಾಯಿ ಹಳದಿಗೆ ತಿರುಗುವ ಹೊತ್ತಿಗೆ ಕಾಳು ಪೂರ್ತಿ ಬಲಿತಿರುತ್ತದೆ, ಅದರ ಕಸುವು ಆಗಲೇ ಅತಿ ಹೆಚ್ಚು. ಆದರೆ ಒಳಗೆ ಅರ್ಧದಷ್ಟು ನೀರಿರುವುದರಿಂದ ಕೊಯ್ಯುವಂತಿಲ್ಲ. ಒಣಗುವ ತನಕ ಗಿಡದಲ್ಲೇ ಇರಬೇಕು. ಹಸ್ತ ಮಳೆ ಹಿಡಿಯುವುದೂ ಆಗಲೇ ಅಲ್ವಾ? ಮಳೆ ಬಿದ್ದರೆ ಕಾಳು ನೀರು ಕುಡಿದು ಉಬ್ಬುತ್ತದೆ, ಬಿಸಿಲು ಬಂದರೆ ಕುಗ್ಗುತ್ತದೆ. ಹೀಗೆ ನಾಲ್ಕೈದು ಸಲ ಆದರೆ ಸಿಪ್ಪೆ ಸುಕ್ಕುಗಟ್ಟಿ ಬಿರಿಯುತ್ತದೆ. ಬಿರುಕಿನಲ್ಲಿ ಫೊಮೊಪ್ಸಿಸ್‌ನಂಥ ಶಿಲೀಂಧ್ರ ಒಳಗೆ ಸೇರುತ್ತದೆ. ಮೇಲ್ನೋಟಕ್ಕೆ ಕಾಳು ಚೆನ್ನಾಗಿಯೇ ಕಾಣಬಹುದು. ನೇರಳೆ ಕಲೆ ಬಿದ್ದ ಕಾಳು ಕಂಡರೆ ರೈತರು ಜಾಸ್ತಿ ಹೆದರುತ್ತಾರೆ. ನನಗೆ ಅದಕ್ಕಿಂತ ಮಾಸಲು ಬಣ್ಣದ, ಸುಕ್ಕು ಕಾಳಿನದೇ ಭಯ.

ಒಬ್ಬ ರೈತರು ಒಮ್ಮೆ ಎರಡು ಪೊಟ್ಟಣ ಕಳಿಸಿದ್ದರು. ಒಂದೇ ತಳಿ, ಬಿತ್ತಿದ್ದೂ ಒಂದೇ ಚೀಲದಿಂದ. ಮೇಲಿನ ಹೊಲದ ಕಾಳು ಮಳೆಗೆ ಮೊದಲೇ ಮನೆ ಸೇರಿತ್ತು. ತಗ್ಗಿನ ಹೊಲದ್ದು ಹತ್ತು ದಿನ ನೆನೆದಿತ್ತು. ಮೊದಲನೆಯದು ಸಲೀಸಾಗಿ ಪಾಸಾಯಿತು. ಎರಡನೆಯದರಲ್ಲಿ ಅರ್ಧ ಕಾಳೂ ಮೊಳೆಯಲಿಲ್ಲ. ಇಂಥ ಬೀಜವನ್ನು ಬೆಂಗಳೂರಿನ ತಂಪಿನಲ್ಲಿಟ್ಟರೂ ಹೋದ ಜೀವ ಮರಳಿ ಬರುವುದಿಲ್ಲ.

ಮಳೆ ಕೈಕೊಟ್ಟರೂ ಕಷ್ಟವೇ. ಕಾಳು ತುಂಬುವಾಗ ಬರ ಬಂದು ಬಿಸಿಲು 35 ಡಿಗ್ರಿ ದಾಟಿದರೆ ಕಾಳು ಸಣ್ಣದಾಗುತ್ತದೆ, ಮುರುಟುತ್ತದೆ. ಗಿಡ ಅವಸರಕ್ಕೆ ಒಣಗಿದರೆ ಕಾಳಿನ ಹಸಿರು ಹೋಗುವುದೇ ಇಲ್ಲ. ಹಸಿರು ಕಾಳು ಮೊಳೆಯುವುದು ಕಡಿಮೆ. ಕಾಳು ತುಂಬುವ ಆ ಹದಿನೈದಿಪ್ಪತ್ತು ದಿನದಲ್ಲಿ ಒಂದು ನೀರು ಕೊಡಲು ಸಾಧ್ಯವಿದ್ದರೆ ದಯವಿಟ್ಟು ಕೊಡಿ.

ಆದ್ದರಿಂದ ರಾಶಿ ಮಾಡಿದ ಮೇಲೆ ಅದರಲ್ಲೇ ಬೀಜಕ್ಕೆ ಎತ್ತಿಡುವ ರೂಢಿ ಬಿಡಿ. ಬೀಜಕ್ಕೆಂದೇ ನೀರು ನಿಲ್ಲದ ಒಂದು ತುಂಡು ಹೊಲ ಮೊದಲೇ ಗುರುತು ಮಾಡಿ. ಕಾಯಿಗಳು ಕಂದು ಬಣ್ಣಕ್ಕೆ ತಿರುಗಿ, ಕಾಳಿನ ತೇವ ನೂರಕ್ಕೆ 14-15ಕ್ಕೆ ಇಳಿದ ಕೂಡಲೇ ಅದನ್ನೇ ಮೊದಲು ಕೊಯ್ಯಿರಿ. ಒಕ್ಕುವಾಗ ಯಂತ್ರದ ವೇಗ ತಗ್ಗಿಸಿ. ಆಮೇಲೆ ತೇವ 12ಕ್ಕಿಂತ ಕೆಳಗೆ ಬರುವಂತೆ ಒಣಗಿಸಿ. ಚೀಲದ ಮೇಲೆ ಚೀಲ ಎತ್ತರಕ್ಕೆ ಪೇರಿಸಬೇಡಿ, ಎಸೆಯಲೂಬೇಡಿ.

ನೀರಾವರಿ ಇದ್ದವರಿಗೆ ಇನ್ನೊಂದು ದಾರಿಯಿದೆ. ಬೀಜಕ್ಕಾಗಿ ಬೇಸಿಗೆ ಬೆಳೆ ಹಾಕಬಹುದು. ಕೊಯ್ಲಿಗೆ ಮಳೆಯ ಕಾಟ ಕಡಿಮೆ, ಜೂನ್ ಬಿತ್ತನೆಗೆ ಹೊಸ ಬೀಜವೂ ಕೈಗೆ ಬರುತ್ತದೆ. ಸೆಖೆ ಹೆಚ್ಚುವ ಮುನ್ನ ಕಾಳು ತುಂಬುವಂತೆ ದಿನ ನೋಡಿ ಬಿತ್ತಬೇಕು, ಅಷ್ಟೇ.

ಮನೆಯಲ್ಲಿ ಮುಂಗಾರಿನ ಬೀಜ ಇಟ್ಟವರು ಏಪ್ರಿಲ್‌ನಲ್ಲೇ ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ವಾರ ಇಟ್ಟು ನೋಡಿ. 70 ಗಟ್ಟಿ ಮೊಳಕೆ ಬಂದರೆ ಎಂದಿನಷ್ಟೇ ಬೀಜ ಸಾಕು. 60-65 ಬಂದರೆ ಎಕರೆಗೆ ನಾಲ್ಕೈದು ಕಿಲೋ ಹೆಚ್ಚು ಹಾಕಿ. ಅದಕ್ಕೂ ಕಡಿಮೆ ಬಂದರೆ ಬೇರೆ ಬೀಜ ಹುಡುಕಲು ನಿಮಗಿನ್ನೂ ಒಂದು ತಿಂಗಳು ಇರುತ್ತದೆ.