ಸ್ಕ್ಯಾನಿನ ಕಪ್ಪು ಹೇಳುವುದೇನು?

ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಕುಡಿಸಿ ನಾಲ್ಕೈದು ದಿನ ಕಳೆದ ಮೇಲೆ ತೆಗೆಯುವ ಸ್ಕ್ಯಾನನ್ನು ಮುಂದಿಟ್ಟಾಗ ಮನೆಯವರ ಕಣ್ಣು ಮೊದಲು ಹೋಗುವುದು ಕಪ್ಪಾಗಿ ಕಾಣುವ, ಅಂದರೆ ಅಯೋಡಿನ್ ಸೇರಿಕೊಂಡಿರುವ, ಜಾಗಗಳತ್ತ. ಇಪ್ಪತ್ತೆರಡರ ಯುವತಿಯೊಬ್ಬಳ ಎರಡೂ ಶ್ವಾಸಕೋಶಗಳು ಮಸಿ ಬಳಿದಂತೆ ಕಂಡದ್ದನ್ನು ನೋಡಿ ಅವಳ ತಂದೆ ಕುರ್ಚಿಯಲ್ಲಿ ಕುಸಿದು ಕುಳಿತರು. ಅವಳ ಎದೆಯ ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ಅದೇ ವಾರ ಅರವತ್ತೆಂಟರ ಹಿರಿಯರೊಬ್ಬರ ಸ್ಕ್ಯಾನ್ ಖಾಲಿಯಿತ್ತು, ಆದರೆ ಸಿ.ಟಿ.ಯಲ್ಲಿ ಶ್ವಾಸಕೋಶದ ಗಂಟುಗಳು ಸ್ಪಷ್ಟವಾಗಿದ್ದವು. ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಎರಡನೆಯ ಸ್ಕ್ಯಾನ್.

ಎಂಟು ದಿನಗಳ ಅರ್ಧಾಯುಷ್ಯವುಳ್ಳ ಅಯೋಡಿನ್-131 ಹೊರಸೂಸುವ ಬೀಟಾ ಕಣಗಳು ಅಂಗಾಂಶದಲ್ಲಿ ಸಾಗುವುದು ಒಂದೆರಡು ಮಿಲಿಮೀಟರ್ ಮಾತ್ರ. ಆದ್ದರಿಂದ ಕ್ಯಾನ್ಸರ್ ಕೋಶ ತಾನಾಗಿಯೇ ಅಯೋಡಿನನ್ನು ಒಳಗೆ ಎಳೆದುಕೊಂಡು ಕೆಲವು ದಿನ ಹಿಡಿದಿಟ್ಟುಕೊಳ್ಳದಿದ್ದರೆ ಎಷ್ಟು ಡೋಸ್ ಕೊಟ್ಟರೂ ಅದು ಮೂತ್ರದಲ್ಲಿ ಹರಿದುಹೋಗುತ್ತದೆ. ಹಾಗೆ ಎಳೆದುಕೊಳ್ಳುವ ಸೋಡಿಯಂ-ಅಯೋಡೈಡ್ ವಾಹಕ ಪ್ರೋಟೀನು ವಯಸ್ಸಾದವರ ಗಡ್ಡೆಗಳಲ್ಲಿ, ವಿಶೇಷವಾಗಿ ಬಿ-ರಾಫ್ ವಂಶವಾಹಿಯ ವಿ600ಇ ರೂಪಾಂತರವಿರುವಲ್ಲಿ, ಕುಗ್ಗಿರುವುದು ಹೆಚ್ಚು. ಅಂಥ ಗಡ್ಡೆ ಅಯೋಡಿನ್ ಬಿಟ್ಟು ಗ್ಲೂಕೋಸ್ ಹೀರತೊಡಗುತ್ತದೆ, ಗ್ಲೂಕೋಸ್ ಹೀರುವ ಜಾಗಗಳನ್ನು ತೋರಿಸುವ ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತದೆ.

ಆದರೂ ಖಾಲಿ ಸ್ಕ್ಯಾನ್ ಕಂಡ ಕೂಡಲೇ ತೀರ್ಮಾನಕ್ಕೆ ಬರುವುದು ಅವಸರವಾಗುತ್ತದೆ. ಬಣ್ಣದ ಔಷಧಿ ಚುಚ್ಚಿ ತೆಗೆದ ಸಿ.ಟಿ.ಯ ಅಯೋಡಿನ್ ವಾರಗಟ್ಟಲೆ ದೇಹದಲ್ಲಿ ಉಳಿದು ಚಿಕಿತ್ಸೆಯ ಅಯೋಡಿನಿಗೆ ಪೈಪೋಟಿ ಕೊಡುತ್ತದೆ. ಅಯೋಡಿನ್ ಸೇರಿಸಿದ ಉಪ್ಪು, ಸಮುದ್ರದ ಮೀನು, ಹಾಲು-ಮೊಸರು ಬಿಡದಿದ್ದರೂ ಇದೇ ತೊಂದರೆ. (ಉಪ್ಪು ಬಿಟ್ಟೆ ಎನ್ನುವವರು ಉಪ್ಪಿನಕಾಯಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.) ಈ ಹಿರಿಯರ ಸಿ.ಟಿ. ಬಣ್ಣದ ಔಷಧಿಯಿಲ್ಲದೆ ತೆಗೆದದ್ದು, ಮೂತ್ರದ ಅಯೋಡಿನ್ ಕಡಿಮೆಯಿತ್ತು, ಥೈರಾಯ್ಡ್ ಕೋಶಗಳನ್ನು ಅಯೋಡಿನ್ ಹೀರುವಂತೆ ಉತ್ತೇಜಿಸುವ ಹಾರ್ಮೋನಾದ ಟಿಎಸ್‌ಎಚ್ ಬೇಕಾದ 30ರ ಗಡಿಯನ್ನು ಸಾಕಷ್ಟು ದಾಟಿತ್ತು. ಅಂದರೆ ದೋಷ ತಯಾರಿಯದಲ್ಲ.

ಚಿಕಿತ್ಸೆಗೆ ಮುನ್ನವೇ ಅಂದಾಜಿಗೆ ಸಿಗುವ ಒಂದು ಸಂಖ್ಯೆಯನ್ನು ಆರಿಸು ಎಂದರೆ, ಟಿಎಸ್‌ಎಚ್ ಏರಿರುವಾಗ ಅಳೆದ ಥೈರೋಗ್ಲೋಬ್ಯುಲಿನನ್ನು (ಥೈರಾಯ್ಡ್ ಕೋಶಗಳೂ ಅವುಗಳ ಕ್ಯಾನ್ಸರೂ ರಕ್ತಕ್ಕೆ ಬಿಡುವ ಪ್ರೋಟೀನು) ಆರಿಸುತ್ತೇನೆ. ಅದು ಮಿಲಿಲೀಟರಿಗೆ 1 ನ್ಯಾನೋಗ್ರಾಂಗಿಂತ ಕಡಿಮೆಯಿದ್ದು ಅದರ ವಿರುದ್ಧದ ಪ್ರತಿಕಾಯಗಳೂ ಇಲ್ಲದಿದ್ದರೆ ಫಲಿತಾಂಶ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಪ್ರತಿಕಾಯಗಳಿದ್ದರೆ ಆ ಕಡಿಮೆ ಸಂಖ್ಯೆಯನ್ನು ನಂಬುವಂತಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಕುತ್ತಿಗೆಯಲ್ಲಿ ಉಳಿದ ಸಹಜ ಥೈರಾಯ್ಡ್ ತುಣುಕೂ ಅದನ್ನು ಏರಿಸಬಲ್ಲದು, ಹಾಗಾಗಿ ನಮ್ಮ ಅಂದಾಜಿನ ಅರ್ಧ ಭಾಗ ಶಸ್ತ್ರವೈದ್ಯರ ಕೈಯಲ್ಲಿರುತ್ತದೆ.

ಡೋಸ್ ಹೆಚ್ಚಿಸಿದರೆ ಗುಣವೂ ಹೆಚ್ಚು ಎಂಬ ನಂಬಿಕೆ ಮಾತ್ರ ಹೋಗುತ್ತಿಲ್ಲ. ಕಡಿಮೆ ಅಪಾಯದ ರೋಗಿಗಳಲ್ಲಿ ಉಳಿದ ತುಣುಕನ್ನು ನಾಶಮಾಡಲು 30 ಮಿಲಿಕ್ಯೂರಿ 100ಕ್ಕೆ ಸರಿಸಮ ಎಂದು ಬ್ರಿಟನ್ ಮತ್ತು ಫ್ರಾನ್ಸಿನ ಎರಡು ದೊಡ್ಡ ಪರೀಕ್ಷೆಗಳು 2012ರಲ್ಲೇ ತೋರಿಸಿವೆ.

ಯುವತಿಗೆ ಮತ್ತೊಮ್ಮೆ ಅಯೋಡಿನ್ ಕೊಟ್ಟೆವು; ಪ್ರತಿ ಭೇಟಿಯಲ್ಲೂ ಅವಳ ಥೈರೋಗ್ಲೋಬ್ಯುಲಿನ್ ಇಳಿಯುತ್ತ ಬಂದಿದೆ. ಹಿರಿಯರ ಮಗ, “ಡಾಕ್ಟ್ರೇ, ಇನ್ನೊಂದು ಸಲ ಕೊಟ್ಟು ನೋಡಬಹುದಲ್ವಾ?” ಎಂದು ಎರಡು ಬಾರಿ ಕೇಳಿದರು. ಕೊಡಲಿಲ್ಲ. ಗಂಟುಗಳು ಬೆಳೆಯುವ ವೇಗವನ್ನು ಮೂರು ತಿಂಗಳಿಗೊಮ್ಮೆ ಸಿ.ಟಿ.ಯಲ್ಲಿ ಅಳೆಯುತ್ತಿದ್ದೇವೆ; ವೇಗ ಹೆಚ್ಚಿದರೆ ಗಡ್ಡೆಯ ಬೆಳವಣಿಗೆಯನ್ನು ತಡೆಯುವ ಲೆನ್ವಾಟಿನಿಬ್ ಮಾತ್ರೆ ಶುರುಮಾಡುವುದೆಂದು ಮಾತಾಗಿದೆ.